ಹೋರಿ ನೆಕ್ಕಿದ ಮರ

ಬಾವನಿಗೆ, ನಿನ್ನ ಹೆಂಡತಿಯ ತಮ್ಮ ಲಿಂಗಪ್ಪ ಬರೆಯುವುದು.

ನೀನು ಹೋದ ಮೇಲೆ ಈ ಕಂಬಂ ಕಣಿವೆಯಲ್ಲಿ ನನ್ನಷ್ಟು ದೊಡ್ಡ ಬಿಲ್ಲುಗಾರ ಇನ್ನೊಬ್ಬನಿಲ್ಲ. ಮೊನ್ನೆ ನಮ್ಮ ಕಣದಲ್ಲಿ ನಿಂತು ಒಂದು ಬಾಣ ಬಿಟ್ಟೆ. ಅದು ಉತ್ತಮಪಾಳಯಂ ದಾಟಿ, ತೇನಿ ದಾಟಿ, ದಿಂಡುಕ್ಕಲ್ ಕೋಟೆಯ ಬಂಡೆಗೆ ಬಡಿದು, ಸಂಜೆಯ ಹೊತ್ತಿಗೆ ವಾಪಸು ನನ್ನ ಬತ್ತಳಿಕೆಗೇ ಬಂದು ಬಿತ್ತು. ನಗಬೇಡ. ನೀನಿದ್ದಿದ್ದರೆ, "ಏ ಲಿಂಗ, ಬರೋವಾಗ ದಿಂಡುಕ್ಕಲ್ಲಿಂದ ಒಂದ್ ಕಟ್ಟು ಹೊಗೆಸೊಪ್ಪು ತರಾಕ್ಕೆ ಬಾಣಕ್ಕೆ ಹೇಳ್ಲಿಲ್ವಾ?" ಎನ್ನುತ್ತಿದ್ದೆ. ಹಾಗೆ ಕೇಳಲು ನೀನಿಲ್ಲದ ಮೇಲೆ ಸುಳ್ಳು ಹೇಳುವುದರಲ್ಲೂ ಮೊದಲಿನ ರುಚಿಯಿಲ್ಲ. ಈ ಕಾಗದದಲ್ಲಿ ಇದೊಂದೇ ಸುಳ್ಳು. ಉಳಿದದ್ದು ನಿನ್ನ ಮಗಳು ಕೆಂಚಮ್ಮನ ಬಿಲ್ಲಿನ ವಿಚಾರ. ಅದರಲ್ಲಿ ಸುಳ್ಳು ಬೆರೆಸಿದರೆ ಅಕ್ಕ ನನಗೆ ಅನ್ನ ಹಾಕುವುದಿಲ್ಲ.

ನಿನ್ನ ಕರ್ಮಾಂತರ ಮುಗಿದ ಮಾರನೆಯ ಬೆಳಗ್ಗೆಯೇ ಊರಗೌಡರು ಬಂದು ಜಗಲಿಯ ಮೇಲೆ ಕೂತರು. ನಿನ್ನ ತುಪಾಕಿಯ ಅಪ್ಪಣೆ ಕಾಗದ ನಿನ್ನ ಹೆಸರಿನಲ್ಲಿತ್ತು. ನಿನ್ನ ಜೊತೆಗೇ ಅದರ ಆಯಸ್ಸೂ ಮುಗಿದಿತ್ತು. ತುಪಾಕಿಯನ್ನು ತಾಲ್ಲೂಕು ಕಚೇರಿಗೆ ಒಪ್ಪಿಸಿ ಬಂದಿದ್ದೆ. ನಿನ್ನ ಬಿಲ್ಲನ್ನು ನಿನ್ನ ಜೊತೆಗೇ ಕಳಿಸಿದ್ದೆವು. ಹಾಗಾದರೆ ಮಲೆಯ ತಪ್ಪಲಿನ ಮೇಲ್ಹೊಲಕ್ಕೆ ಇನ್ನು ಕಾವಲು ಯಾರು? ಆ ಹೊಲದಲ್ಲಿ ಹಂದಿಗಳಿಗೆ ಒಮ್ಮೆ ದಾರಿ ಬಿದ್ದರೆ ಕೆಳಗಿನ ಇಡೀ ಊರಿನ ಜೋಳ... ನಿನಗೆ ನಾನು ಹೇಳಬೇಕೆ? ಕೆಂಚಮ್ಮನ ಗಂಡ ಮಲೆಯ ಮೇಲೆ ಕಟ್ಟುತ್ತಿರುವ ಆ ದೊಡ್ಡ ಕಟ್ಟೆಗೆ ಸುಣ್ಣದ ಗಾಡಿ ಹೊಡೆಯಲು ಹೋದವನು ಇನ್ನೂ ಇಳಿದು ಬಂದಿರಲಿಲ್ಲ.

"ಬ್ಯಾಸಾಯ ಬೇರೆ, ಕಾವಲ್ ಬೇರೆ ಕಣವ್ವಾ," ಎಂದರು ಗೌಡರು. "ಈ ಒಂದ್ ಬೆಳೆ ನೋಡ್ತೀವಿ. ಹಂದಿ ಇಳಿದ್ರೆ ಹೊಲ ನಿನ್ ದಾಯಾದಿ ಕೈಗೆ. ಆಮ್ಯಾಕೆ ಅಳಬಾರ್ದು."

"ಇಳೀದಂಗೆ ನಾನ್ ನೋಡ್ಕೋತೀನಿ, ಪೆರಿಯಪ್ಪಾ," ಎಂದಳು ನಿನ್ನ ಮಗಳು. "ನಂಗೊಂದ್ ಬಿಲ್ಲು ಬೇಕು. ಅಷ್ಟೇ."

ಇಪ್ಪತ್ತೆರಡು ವರ್ಷದ ಹೆಣ್ಣು, ಅಲ್ಲಿಯತನಕ ಬಿಲ್ಲು ಮುಟ್ಟಿದವಳಲ್ಲ. ಜಗಲಿಯಲ್ಲಿ ಯಾರೋ ನಕ್ಕರು. ನಾನೇ ನಕ್ಕೆ ಎಂದು ಅಕ್ಕ ಹೇಳುತ್ತಾಳೆ, ಇರಬಹುದು.

ಹಳ್ಳದ ದಂಡೆಯ ತಡಸಲು ಮರವನ್ನು ನೀನು ಅವಳಿಗೆ ತೋರಿಸಿದ ದಿನ ನಿನಗೆ ನೆನಪಿತ್ತೋ ಇಲ್ಲವೋ, ಅವಳಿಗೆ ಅದರ ಒಂದೊಂದು ಮಾತೂ ನೆನಪಿತ್ತು. ಅದೇ ಸಂಜೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ತೊಗಟೆಯ ಗೆರೆಯನ್ನು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಿ, "ತೊಗಟೆ ನೆಟ್ಟಗೆ ಹೋದ್ರೆ ಒಳಗಿನ ನಾರೂ ನೆಟ್ಟಗೆ ಹೋಗಿರ್ತದೆ, ಮಾಮ. ಇಲ್ಲಿಂದ ನನ್ನೆತ್ತರಕ್ಕೆ ಒಂದ್ ಗಂಟಿಲ್ಲ ನೋಡು," ಎಂದಳು. ಇನ್ನೂ ಒಂದು ಮಾತು ಹೇಳಿದಳು, ಅದು ನಿನ್ನದೇ ಇರಬೇಕು: ಕಲಿಯುವವರ ಮರ ಮುರಿಯುವ ಮೊದಲು ಕೂಗಬೇಕಂತೆ. ಗಟ್ಟಿಮರ ಸುಮ್ಮನಿದ್ದು ಒಮ್ಮೆಗೇ ಸಿಡಿಯುತ್ತದೆ. ತಡಸಲು ಮಾತ್ರ ತಪ್ಪಾದಲ್ಲೆಲ್ಲ ನರಳಿ ನರಳಿ ಹೇಳುತ್ತದಂತೆ. ನಾನೇನೆಂದೆ ಗೊತ್ತೇ? "ಅದು ಗಾಡಿಮೂಕಿಗೆ ಹಾಕೋ ಮರ. ನಮ್ ಬಾವನ ಮಗಳಿಗೆ ಗಾಡಿಮೂಕಿನ ಬಿಲ್ಲಾ? ಇರು, ನಾನ್ ತತ್ತೀನಿ ಮರ!"

ದಿಂಡುಕ್ಕಲ್ಲಿನ ರೈಲು ನಿಲ್ದಾಣದ ಹಿಂದಿನ ಮರದ ಅಂಗಡಿಯಲ್ಲಿ ನಿಂತ ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಂಗಡಿಯವನು ಗೋಣಿ ಸರಿಸಿ, ಕೆಂಪಗೆ ಹೊಳೆಯುವ ಆಳುದ್ದದ ತುಂಡೊಂದನ್ನು ಮಗುವನ್ನು ಎತ್ತುವಂತೆ ಎತ್ತಿದ. "ಸೀಮೈ ಮರಂ ಅಯ್ಯಾ! ಕಪ್ಪಲ್‌ಲೆ ವಂದದು!" ಹಡಗಿನಲ್ಲಿ ಬಂದ ಸೀಮೆಯ ಮರ, ಅಲ್ಲಿನ ರಾಜರು ಬಿಲ್ಲು ಮಾಡಿಸುವುದು ಇದರಲ್ಲೇ ಎಂದ. ಗರಗಸದಲ್ಲಿ ಕೊಯ್ದು ನಯ ಮಾಡಿದ ತುಂಡು. ತೊಗಟೆಯಿಲ್ಲ, ಗಂಟಿಲ್ಲ, ಯಾವ ಮರವೆಂದು ಹೇಳುವ ಒಂದು ಗುರುತೂ ಇಲ್ಲ. ನಾನು ಅವನ ಮಾತು ನಂಬಿದೆನೆ? ನಂಬಿದೆ ಎನ್ನುವುದಕ್ಕಿಂತ, ಈ ಮಾತನ್ನು ಊರಿಗೆ ಹೋಗಿ ನಾನು ಹೇಳಿದರೆ ಹೇಗಿರುತ್ತದೆ ಎಂದು ಅಲ್ಲೇ ನಿಂತು ಯೋಚಿಸಿದೆ. ಚೆನ್ನಾಗಿರುತ್ತದೆ ಅನ್ನಿಸಿತು. ಕೊಂಡುಬಿಟ್ಟೆ.

ಊರಿಗೆ ಬಂದು ಗೋಣಿ ಬಿಚ್ಚಿದಾಗ ಕೆಂಚಮ್ಮ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರ ನಾರು ಓರೆ ಓಡ್ತೈತೆ ಮಾಮ, ನಂಗೆ ತಡಸಲೇ ಸಾಕು," ಎಂದಳು. ಜಗಲಿಯಲ್ಲಿ ಹತ್ತು ಜನರಿದ್ದರು. ನನ್ನ ಮುಖ ಎಲ್ಲಿಡಲಿ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಮನುಷ್ಯರ ಜಗಳ ಬೇಡ, ಹೋರಿ ಆರಿಸಲಿ ಎಂದೆ. ನಮ್ಮ ದೇವರ ಮಂದೆಗೆ ಪಟ್ಟದ ಹೋರಿಯನ್ನು ಆರಿಸುವಾಗ ಕಬ್ಬಿನ ಕಂತೆ ಇಟ್ಟು ಕೈಮುಗಿದು ನಿಲ್ಲುತ್ತೇವಲ್ಲ, ತಾನಾಗಿ ಬಂದು ಬಾಯಿ ಹಾಕಿದ್ದೇ ಅರಸು, ಅದರ ಮೇಲೆ ಯಾರೂ ಮಾತಾಡುವಂತಿಲ್ಲವಲ್ಲ, ಹಾಗೆ. ನಮ್ಮ ಮನೆಯ ಹೋರಿ ಆ ಮಂದೆಯ ಸಂತಾನವೇ ತಾನೆ? ಗೌಡರು ಗಡ್ಡ ಕೆರೆದುಕೊಂಡು, "ದನಾ ಸುಳ್ಳಾಡಕ್ಕಿಲ್ಲ, ಸೆರಿ," ಎಂದರು.

ದನ ಸುಳ್ಳಾಡಲಿಲ್ಲ ಬಾವ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ದಿಂಡುಕ್ಕಲ್ ಮರಕ್ಕೆ ಬೆಲ್ಲದ ನೀರು ಸವರಿದವನು ನಾನು. ಕಣದಲ್ಲಿ ಒಂದು ಕಡೆ ತಡಸಲಿನ ಕೊಂಬೆ, ಇನ್ನೊಂದು ಕಡೆ ನನ್ನ ಸೀಮೆ ಮರ. ಹೋರಿ ನೇರ ಬಂತು. ನೆಕ್ಕಿತು. ಇನ್ನೂ ನೆಕ್ಕಿತು. ಬಾಯೊಳಗಿಟ್ಟು ಜಗಿಯಲು ಹೋಯಿತು, ಇಬ್ಬರು ಹಿಡಿದೆಳೆಯಬೇಕಾಯಿತು. ಜನ ಕೈಮುಗಿದರು. ಕೆಂಚಮ್ಮನೂ ಮುಗಿದಳು. ಹೋರಿಯ ಮಾತಿಗೆ ಎದುರಾಡುವ ಹೆಣ್ಣನ್ನು ನೀನು ಸಾಕಿರಲಿಲ್ಲ, ನನಗದು ಗೊತ್ತಿತ್ತು. ಗೊತ್ತಿದ್ದೂ...

ಆ ಮರವನ್ನು ಕೆತ್ತುವಾಗ ಒಳಗಿನಿಂದ ಕಪ್ಪು ಬೊಟ್ಟುಗಳು ಕಾಣಿಸಿಕೊಂಡವು, ಗೇಣಿಗೊಂದರಂತೆ ಸಾಲಾಗಿ. "ಇದೇನ್ ಮಾಮ?" ಎಂದಳು. "ಸೀಮೆ ಮರಕ್ಕೆ ಕಣ್ಣು ಸಾಲಾಗೇ ಇರ್ತವೆ," ಎಂದೆ. ಭಾದ್ರಪದದ ಒಂದು ಸಂಜೆ ಹೆದೆ ಏರಿಸಿ ಮೊದಲ ಸಲ ಎಳೆದಳು. ಅರ್ಧ ಎಳೆತಕ್ಕೆ, ಒಂದು ನರಳಿಕೆಯೂ ಇಲ್ಲದೆ, ಬಿಲ್ಲು ಸಿಡಿಯಿತು. ಚೂರು ಅವಳ ಹುಬ್ಬನ್ನು ಸೀಳಿತು. ಮೊದಲ ಎಳೆತದಲ್ಲಿ ಮುಖ ತಿರುಗಿಸಬೇಕೆಂದು ನೀನು ಎಂದೋ ಕಲಿಸಿದ್ದೆಯಂತೆ, ತಿರುಗಿಸಿದ್ದಳು. ಇಲ್ಲದಿದ್ದರೆ ಆ ಕಣ್ಣು... ನಾನು ಅದನ್ನು ಬರೆಯಲಾರೆ. ಅಕ್ಕ ಒಂದು ಕೈಯಲ್ಲಿ ಮಗಳ ಹುಬ್ಬಿಗೆ ಅರಿಶಿನ ಒತ್ತಿ, ಇನ್ನೊಂದು ಕೈಯಲ್ಲಿ ಮುರಿದ ತುಂಡನ್ನು ಎತ್ತಿ ನೋಡಿದಳು. ಕಪ್ಪು ಬೊಟ್ಟಿನಿಂದ ಅರಗು, ಮರದ ಪುಡಿ ಉದುರಿತು; ಆಚೆಯಿಂದ ಈಚೆಗೆ ತೂತು.

"ಏ ಲಿಂಗ, ಇದು ಮಂಚದ ಪಟ್ಟಿ ಕಣೋ. ಹಗ್ಗ ಪೋಣಿಸೋ ತೂತು ನೋಡು. ಮಿಕ್ಕಿದ್ ಮೂರು ಪಟ್ಟೀನೂ ತಂದ್ಬುಡು, ಮಲಗಕ್ಕಾದ್ರೂ ಆತದೆ."

ಆ ರಾತ್ರಿ ನಾನು ಊಟ ಮಾಡಲಿಲ್ಲ. ಬೆಳಗ್ಗೆ ಎದ್ದವನೇ ಕೆಂಚಮ್ಮನ ಮುಂದೆ ನಿಂತು, ಬೆಲ್ಲ ಸವರಿದ್ದು ನಾನೇ ಎಂದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಮಾಮ. ಹೋರಿ ಹೋದ್ಮ್ಯಾಲೆ ಇರುವೇನೂ ಅದೇ ಮರಾನೇ ಆರಿಸಿದ್ವು."

"ಮತ್ತೆ ಅವತ್ತೇ ಯಾಕ್ ಹೇಳ್ಲಿಲ್ಲ?"

"ಹೋರಿ ಹೆಸರಲ್ಲಿ ಮೋಸ ಅಂತ ಗೊತ್ತಾದ್ರೆ ನಿನ್ನ ಮಂದೆ ಪೂಜೆಗೆ ಸೇರಿಸ್ಕಂತಿದ್ರಾ? ಅಪ್ಪನೂ ಇಲ್ಲ, ನೀನೂ ಊರ ಹೊರಗೆ ನಿಂತ್ರೆ ನಂಗ್ಯಾರು?" ಎಂದು ಬೀಸುಗಲ್ಲು ಬಿಟ್ಟೆದ್ದು, ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದಳು.

ಕೊಟ್ಟಿಗೆಯ ತೊಲೆಯಿಂದ ಒಂದು ಕೋಲು ಅಡ್ಡಲಾಗಿ ತೂಗುತ್ತಿತ್ತು. ಅದರ ಒಂದು ತುದಿಗೆ ತಡಸಲಿನ ಸೀಳು, ಇನ್ನೊಂದು ತುದಿಗೆ ಕಲ್ಲು ತುಂಬಿದ ಬುಟ್ಟಿ. ಇರುವೆ ಕಂಡ ದಿನವೇ ಹೋಗಿ ಮರ ಕಡಿದಿದ್ದಳು ಬಾವ, ಒಬ್ಬಳೇ! ಗರಗಸ ಮುಟ್ಟಿಸದೆ ಬೆಣೆ ಹೊಡೆದು ನಾರಿನ ದಾರಿಯಲ್ಲೇ ಸೀಳಿ, ಬಿಲ್ಲಿನ ಅಂದಾಜಿಗೆ ದಪ್ಪ ಇಳಿಸಿ, ತುದಿ ಬಿರಿಯದಂತೆ ಸಗಣಿ ಮೆತ್ತಿ ತೂಗಹಾಕಿದ್ದಳು. ಮರ ಒಣಗಿ ಹಗುರಾದಂತೆ ಬುಟ್ಟಿ ತಗ್ಗುತ್ತದೆ. ಆಗ ಸಮವಾಗುವಷ್ಟು ಕಲ್ಲು ತೆಗೆಯಬೇಕು. ಎಂಟು ದಿನ ಒಂದು ಕಲ್ಲನ್ನೂ ತೆಗೆಯಬೇಕಾಗದಿದ್ದರೆ ಮರ ಒಣಗಿತೆಂದು ಅರ್ಥ. ಇದನ್ನೂ ನೀನು ಕಲಿಸಿದ್ದೆಯೋ, ಅವಳೇ ಕಂಡುಕೊಂಡಳೋ? ಕೇಳಿದರೆ ನಗುತ್ತಾಳೆ.

ಅಂದಿನಿಂದ ಕಲ್ಲು ತೆಗೆಯುವ ಕೆಲಸ ನನ್ನದಾಯಿತು. ಬಾಯಿ ಮುಚ್ಚಿಕೊಂಡು ಮಾಡಿದ ಕೆಲಸ ನನ್ನ ಜನ್ಮದಲ್ಲಿ ಅದೊಂದೇ. ಜೋಳ ಮೊಳಕಾಲಿನಿಂದ ಸೊಂಟಕ್ಕೆ ಬಂತು, ಎದೆಗೆ ಬಂತು. ಮರ ಮಾತ್ರ ದಿನಕ್ಕೊಂದು ಕಲ್ಲು, ಎರಡು ದಿನಕ್ಕೊಂದು ಕಲ್ಲು. "ಸಾಕು ಕೆಂಚಮ್ಮ, ತೆನೆ ಕಟ್ತಾ ಐತೆ, ಹೆದೆ ಏರಿಸ್ಬುಡು," ಎಂದರೆ, "ಹಸಿ ಬಿಲ್ಲು ಸೋತ್ ಬಿಲ್ಲು," ಎಂದು ಬೆನ್ನು ತಿರುಗಿಸುತ್ತಿದ್ದಳು. ಕಾರ್ತಿಕದ ಕೊನೆಯಲ್ಲಿ ಒಂದು ಕಲ್ಲು ಎಂಟು ದಿನ ಅಲ್ಲಾಡದೆ ಕೂತಿತು.

ಕೆತ್ತುವ ದಿನಗಳಲ್ಲಿ ಅವಳ ಕೈ ನೋಡಬೇಕಿತ್ತು ನೀನು. ತೊಗಟೆಯ ಕೆಳಗಿನ ಮೊದಲ ಪದರಕ್ಕೆ ಕತ್ತಿ ಸೋಕಿಸಲಿಲ್ಲ. ಬಿಲ್ಲು ಹಿಡಿದವರ ಎದುರಿಗೆ ಬರುವ ಒಳಮೈಯ ಕಡೆಯಿಂದಷ್ಟೇ ಎಳೆ ಎಳೆಯಾಗಿ ತೆಗೆದಳು. ಸ್ವಲ್ಪ ಬಗ್ಗಿಸುವುದು, ಕಿವಿ ಇಡುವುದು. ಎಲ್ಲಿ ಗಡುಸೋ ಅಲ್ಲಿ ಒಂದು ಎಳೆ. ಮರ ನಿಜವಾಗಿಯೂ ನರಳುತ್ತಿತ್ತು ಬಾವ. ನರಳಿದ ಕೂಡಲೇ ನಿಲ್ಲಿಸುತ್ತಿದ್ದಳು. ನಾನಾಗಿದ್ದರೆ ನಿಲ್ಲಿಸುತ್ತಿದ್ದೆನೆ?

ಮಾರ್ಗಶಿರದ ಒಂದು ನಸುಕಿನಲ್ಲಿ ನಾವಿಬ್ಬರೂ ಮೇಲ್ಹೊಲದ ಅಟ್ಟಣೆಯ ಮೇಲಿದ್ದೆವು. ಹಳ್ಳದ ಕಡೆಯಿಂದ ಹಂದಿಗಳು ಬಂದವು, ಮುಂದೆ ಎಮ್ಮೆಗರುವಿನಷ್ಟಿದ್ದ ಒಂಟಿದಾಡೆಯದು. ನಾನು ಕೂಗಲು ಬಾಯಿ ತೆರೆದೆ. "ಶ್ಶ್, ಬಾಯಿ ಮುಚ್ಚು ಮಾಮ, ನಿನ್ ಪುಣ್ಯ." ಮೊದಲ ಬಾಣ ಜೋಳದಲ್ಲಿ ಕಳೆದುಹೋಯಿತು. ಹಂದಿ ಬೇಲಿಗೆ ಮೂತಿ ಇಟ್ಟಿತು. ಎರಡನೆಯದನ್ನು ಹೂಡಿದಳು. ಕೆನ್ನೆಯವರೆಗೂ ಎಳೆದಳು. ಬಿಲ್ಲು ಪೂರ್ತಿ ಬಗ್ಗಿತು, ಒಂದು ಮಾತೂ ಆಡಲಿಲ್ಲ. ಬಾಣ ಮುಂಗಾಲಿನ ಹಿಂದೆ ಪುಕ್ಕದವರೆಗೂ ಇಳಿಯಿತು. ಹಂದಿ ಹಳ್ಳದವರೆಗೆ ಓಡಿ ಅಲ್ಲೇ ಬಿತ್ತು. ಉಳಿದವು ಬಂದ ದಾರಿಯಲ್ಲೇ ಮಲೆ ಹತ್ತಿದವು. ಆಮೇಲೆ ಆ ಬೆಳೆಗೆ ಅವು ಇಳಿಯಲಿಲ್ಲ.

ಬಿಸಿಲೇರುವಾಗ ಗೌಡರು ಬಂದರು. ಹಂದಿಯನ್ನು ನೋಡಲಿಲ್ಲ, ಬೇಲಿಯ ಉದ್ದಕ್ಕೂ ನಡೆದು ನೆಲ ನೋಡಿದರು. ಒಳಗೆ ಒಂದು ಗೊರಸಿನ ಗುರುತೂ ಇರಲಿಲ್ಲ. "ದಾಯಾದಿಗೆ ಹೇಳ್ಬುಡ್ರಪ್ಪಾ," ಎಂದರು ಜೊತೆಗಿದ್ದವರಿಗೆ, "ಈ ಹೊಲದ್ ಆಸೆ ಬುಡ್ಲಿ ಅಂತ." ಕೆಂಚಮ್ಮ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ ಬಾವ, ನೀನು ಹೋದ ದಿನವೂ.

ಇಲ್ಲಿಗೆ ಕಾಗದ ಮುಗಿಸಬಹುದಿತ್ತು. ಆದರೆ ಕಳೆದ ವಾರ ಉತ್ತಮಪಾಳಯಂ ಸಂತೆಯಲ್ಲಿ ನಾಲ್ಕು ಜನ ಸುತ್ತ ನಿಂತು, ಹಂದಿ ಹೊಡೆದ ಬಿಲ್ಲು ಯಾವ ಮರದ್ದೆಂದು ಕೇಳಿದರು. ನನ್ನ ನಾಲಿಗೆ ನಿನಗೆ ಗೊತ್ತಲ್ಲ. ದಿಂಡುಕ್ಕಲ್ಲಿನ ಸೀಮೆ ಮರ, ಹೋರಿ ಆರಿಸಿದ್ದು, ನಾನೇ ತಂದದ್ದು ಎಂದುಬಿಟ್ಟೆ. ನಿನ್ನೆ ತಪ್ಪಲಿನ ಹೊಲದ ಮೂವರು ಹೆಂಗಸರು ನಮ್ಮ ಬಾಗಿಲಿಗೆ ಬಂದಿದ್ದಾರೆ. ಅವರಿಗೂ ಬಿಲ್ಲು ಬೇಕಂತೆ. ಒಬ್ಬಳು ಕೈಬಳೆ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ, ಆ ಅಂಗಡಿ ತೋರಿಸು ಎನ್ನುತ್ತಾಳೆ. ಕೆಂಚಮ್ಮ ನನ್ನನ್ನು ಬೈಯಲಿಲ್ಲ. ಹುಬ್ಬಿನ ಗಾಯದ ಗೆರೆಯನ್ನು ಒಮ್ಮೆ ಮುಟ್ಟಿಕೊಂಡು, "ನೀನೇ ಹೇಳು ಮಾಮ," ಎಂದು ಒಳಗೆ ಹೋದಳು.

ಹೇಳುತ್ತೇನೆ. ನಾಳೆ ಬೆಳಗ್ಗೆ ಕಣದಲ್ಲಿ ಊರು ಸೇರಿಸಿ, ಗೌಡರ ಎದುರೇ ನಿಂತು ಬೆಲ್ಲದ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳುತ್ತೇನೆ. ಮಂದೆಯ ಪೂಜೆಯಿಂದ ಹೊರಗಿಟ್ಟರೆ ಇಡಲಿ, ತಪ್ಪುಕಾಣಿಕೆ ಕಟ್ಟಿ ಮತ್ತೆ ಒಳಗೆ ಬರುತ್ತೇನೆ. ಆಮೇಲೆ ಆ ಮೂವರನ್ನೂ ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ತೊಗಟೆಯ ಗೆರೆ ಸವರುವುದನ್ನು ಕೆಂಚಮ್ಮನ ಕೈಯಲ್ಲೇ ತೋರಿಸುತ್ತೇನೆ. ನಿಂತ ಮರವನ್ನು ಕಣ್ಣಾರೆ ಕಾಣದೆ ಅದರ ತುಂಡನ್ನು ಯಾರೂ ಕೊಳ್ಳಬಾರದು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಕೊಂಡವನು ಎಷ್ಟು ಕಳೆದುಕೊಂಡ ಎಂದು ಅವರು ಕೇಳಿಯೇ ಕೇಳುತ್ತಾರೆ. ಅಕ್ಕನಿಗೆ ಎಂಟಾಣೆ ಎಂದಿದ್ದೇನೆ, ಗೌಡರಿಗೆ ಒಂದು ರೂಪಾಯಿ. ನಾಳೆ ಮೂರನೆಯ ಲೆಕ್ಕವೊಂದು ಬಾಯಿಗೆ ಬಾರದಿರಲೆಂದು ನಿಜವನ್ನು ಮೊದಲು ನಿನ್ನೆದುರು ಹೇಳಿ ನೋಡುತ್ತೇನೆ. ನನ್ನ ಕಿವಿಯ ಚಿನ್ನದ ಹತ್ತಕಡಕು, ನಾನು ಅಕ್ಕನಿಗೆ ಹೇಳಿದಂತೆ, ಹುಣಸೆ ಮರ ಹತ್ತುವಾಗ ಬಿದ್ದುಹೋದದ್ದಲ್ಲ ಬಾವ, ದಿಂಡುಕ್ಕಲ್ಲಿನಲ್ಲೇ ಮಾರಿದೆ. ಆ ಮಂಚದ ಪಟ್ಟಿಗೆ ನಾನು ಕೊಟ್ಟದ್ದು ಹದಿನಾಲ್ಕು ರೂಪಾಯಿ ಆರಾಣೆ.