ಫೈನಲ್ ದಿನದ ಕಾಳಜಿ

ಆಸ್ಪತ್ರೆಯಿಂದ

ಅಕ್ಕನಿಗೆ,

ನೀವೆಲ್ಲ ಕಪ್ ಗೆದ್ದಿದ್ದೀರಿ, ಸಂತೋಷ. ನನ್ನ ಜಾಗದಲ್ಲಿ ನೀನು ಚೆನ್ನಾಗಿಯೇ ಓಡಿದೆಯಂತೆ. ದೇಶದೇಶಗಳ ರಗ್ಬಿ ಸೆವೆನ್ಸ್ ಪಂದ್ಯಾವಳಿಗೆ ಬಂದು, ಹನ್ನೆರಡು ಜನರ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಮಾತ್ರ ಇಳಿಯುವ ಹದಿಮೂರನೆಯವಳಾಗಿ ಗ್ಯಾಲರಿಯಲ್ಲಿ ಕೂತವಳಿಗೆ ಅಷ್ಟಾದರೂ ಸಿಗಬೇಕಲ್ಲ.

ನೀನು ತಂಡದ ಡಾಕ್ಟರಿಗೆ ಹೇಳಿದ್ದು ಸುಳ್ಳಲ್ಲ. ಮೊದಲ ದಿನವೇ ಎದುರಾಳಿಯ ಮೊಣಕಾಲು ನನ್ನ ತಲೆಗೆ ಬಡಿದಿತ್ತು. ಸಂಜೆ ರೂಮಿನಲ್ಲಿ ವಾಂತಿ ಮಾಡುವಾಗ ಬೆನ್ನು ಸವರಿದವಳು ನೀನೇ.

"ಯಾರಿಗೂ ಹೇಳ್ಬೇಡ ಅಕ್ಕಾ," ಎಂದು ನಾನು ಗೋಗರೆದೆ.

"ನನ್ನ ಬಾಯಿಗೆ ಬೀಗ ಕಣೇ, ಸುಮ್ನೆ ಮಲಕ್ಕೋ," ಎಂದು ನೀನು ನಕ್ಕೆ.

ಮಾರನೆಯ ದಿನ ಅದೇ ತಲೆ ಹೊತ್ತು ನಾನು ಮೂರು ಪಂದ್ಯ ಆಡಿದೆ. ನೀನು ಮೂರಕ್ಕೂ ಚಪ್ಪಾಳೆ ತಟ್ಟಿದೆ. ಫೈನಲ್ಲಿನ ಬೆಳಿಗ್ಗೆ ಮಾತ್ರ ನಿನ್ನ ಕರುಳು ಚುರುಕ್ ಎಂದಿತು, ಡಾಕ್ಟರ ಬಳಿ ಓಡಿದೆ. ಮೊದಲ ದಿನವೇ ಆಟ ನಿಲ್ಲಿಸಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತಿತ್ತಂತೆ. ಈಗ ಇನ್ನೆಂದೂ ಮೈದಾನಕ್ಕೆ ಇಳಿಯಬಾರದಂತೆ.

ನನ್ನ ಬೂಟುಗಳು ರೂಮಿನಲ್ಲಿವೆ. ನೀನೇ ಇಟ್ಟುಕೋ, ಅಳತೆ ಒಂದೇ.

ಅಮ್ಮನಿಗೆ ಏನು ಬೇಕಾದರೂ ಹೇಳು. ತಂಗಿಯ ಮೇಲಿನ ಪ್ರೀತಿಯಿಂದ ಬಾಯಿಬಿಟ್ಟೆ ಎಂದು ಮಾತ್ರ ಹೇಳಬೇಡ. ಪಾಪ, ಅವಳು ನಂಬಿಬಿಡುತ್ತಾಳೆ.

ಇಂತಿ,
ನಿನ್ನ ತಂಗಿ