ಜಾಲರಿ ಬಾಗಿಲಿಗೆ ಬಿಗಿದ ತುಂಡು ತಂತಿ

ಮಾನ್ಯ ಪ್ರಾಂಶುಪಾಲರೇ,

ನಮ್ಮ ಹೈವೋಲ್ಟೇಜ್ ಪ್ರಯೋಗಾಲಯದಲ್ಲಿ ಒಂದು ಹೆಣ ಬೀಳುವುದು ಸ್ವಲ್ಪದರಲ್ಲಿ ತಪ್ಪಿದೆ. ತಪ್ಪಿತಲ್ಲ ಎಂದು ತಾವು ನೆಮ್ಮದಿಯಾಗಿದ್ದೀರಿ. ಹೇಗೆ ತಪ್ಪಿತೆಂದು ಕಂಡ ನನಗೆ ನಿದ್ದೆಯಿಲ್ಲ. ತಮ್ಮ ಕೋಣೆಯಲ್ಲಿ ಹೇಳಿದ್ದು ಕಿವಿಗೆ ಬೀಳದ ಕಾರಣ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಆ ಕೋಣೆಯನ್ನು ತಾವು ಉದ್ಘಾಟನೆಯ ದಿನ ನೋಡಿದ್ದೀರಿ. ನಡುವೆ ಆಳೆತ್ತರದ ಟ್ರಾನ್ಸ್‌ಫಾರ್ಮರ್, ಸುತ್ತ ಕಬ್ಬಿಣದ ಜಾಲರಿ, ಜಾಲರಿಗೊಂದು ಬಾಗಿಲು. ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು. ಅದಕ್ಕೆಂದೇ ಚೌಕಟ್ಟಿನಲ್ಲೊಂದು ಸ್ವಿಚ್ಚಿದೆ. ಅದು ಕೆಟ್ಟು, ಬಾಗಿಲು ಮುಚ್ಚಿದ್ದರೂ ಯಂತ್ರ ನಿಲ್ಲತೊಡಗಿದಾಗ ರಿಪೇರಿ ಮಾಡಿಸಿ ಎಂದೆ. ತಾವು ಯಾರನ್ನೋ ಕಳುಹಿಸಿ, ರಕ್ಷಣೆಯ ಸರ್ಕ್ಯೂಟನ್ನೇ ಒಂದು ತುಂಡು ತಂತಿಯಿಂದ ಬೈಪಾಸ್ ಮಾಡಿಸಿದಿರಿ; ಬಾಗಿಲು ತೆರೆದರೂ ಯಂತ್ರ ನಿಲ್ಲದಂತಾಯಿತು. ನನ್ನ ಆಕ್ಷೇಪಕ್ಕೆ ತಮ್ಮಿಂದ ಸಿಕ್ಕ ಉತ್ತರ: "ಈವರೆಗೆ ಏನೂ ಆಗಿಲ್ವಲ್ಲ ಮೇಡಂ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ." ಏನಾದರೂ ಆಗಲೆಂದು ಕಾದು ಕೂರುವುದಕ್ಕೆ ಒಂದು ಆಡಳಿತ ಬೇಕೇ?

ಅಂದಿನಿಂದ ಮೇನ್ ಸ್ವಿಚ್ ಎಳೆಯದೆ ಯಾರೂ ಒಳಗೆ ಹೋಗಬಾರದೆಂದು ನಿಯಮ ಮಾಡಿದೆ. ಆ ಮೇನ್ ಇರುವುದು ಕೋಣೆಯ ಹಿಂದಿನ ಗೋಡೆಯಲ್ಲಿ, ತಮ್ಮ ಕಚೇರಿಯಿಂದ ತಂದು ಸುರಿದ ಮುರುಕು ಕುರ್ಚಿಗಳ ರಾಶಿಯ ಆಚೆ.

ಹೋದ ವಾರ ಪ್ರಯೋಗದ ನಡುವೆ ಕರೆಂಟ್ ಹೋಯಿತು. "ಯಾರೂ ಒಳಗೆ ಹೋಗ್ಬೇಡಿ" ಎನ್ನುತ್ತ ನಾನು ಮೇನಿನ ಕಡೆ ನಡೆದೆ. ಪ್ರಯೋಗ ಮಾಡುತ್ತಿದ್ದ ವಿದ್ಯಾರ್ಥಿನಿಯರ ತಂಡದಲ್ಲೊಬ್ಬ ಹುಡುಗಿಯಿದ್ದಾಳೆ, ಬಾಯಿಗೆ ಬಿಡುವೇ ಇಲ್ಲದ್ದರಿಂದ ಗೆಳತಿಯರು ಅವಳನ್ನು ರೇಡಿಯೊ ಎಂದೇ ಕರೆಯುತ್ತಾರೆ. ಕರೆಂಟೇ ಇಲ್ಲವಲ್ಲ ಎಂದುಕೊಂಡು, ಮಾತಾಡುತ್ತಲೇ ಬಾಗಿಲು ತೆರೆದು, ಪರೀಕ್ಷೆಗಿಟ್ಟ ಪಿಂಗಾಣಿ ಇನ್ಸುಲೇಟರ್ ಬದಲಿಸಲು ಒಳಹೊಕ್ಕಳು. ಕರೆಂಟ್ ಬಂತು.

ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದ್ದು ಕೇಳಿ ತಿರುಗಿದೆ. ಅವಳು ಚಾಚಿದ ಕೈಗೂ ಯಂತ್ರದ ಹಿತ್ತಾಳೆ ತುದಿಗೂ ನಡುವೆ ಒಂದು ಗೇಣು. ಇಂಥ ವೋಲ್ಟೇಜನ್ನು ಮುಟ್ಟಬೇಕೆಂದೇನಿಲ್ಲ. ಇನ್ನಷ್ಟು ಹತ್ತಿರ ಹೋದರೆ ಅದೇ ಹಾರಿ ಹಿಡಿಯುತ್ತದೆ. ಅವಳ ಜೊತೆಗಾತಿ ಯಂತ್ರ ನಿಲ್ಲಿಸಲೆಂದು ಮೇಜಿನ ಮೇಲಿರುವ ಕೆಂಪು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಸದ್ದು ನಿಲ್ಲಲಿಲ್ಲ. ಗುಂಡಿಯೂ ಅದೇ ಸರ್ಕ್ಯೂಟಿನದು; ತಾವು ಹಾಕಿಸಿದ ತಂತಿ ಅದನ್ನೂ ಕೊಂದಿತ್ತು.

"ಅಲ್ಲಾಡ್ಬೇಡ ಕಣೇ, ನನ್ನನ್ನೇ ನೋಡ್ತಿರು," ಎಂದಳು ಜೊತೆಗಾತಿ, ಜಾಲರಿಯ ಹೊರಗಿನಿಂದ.

"ಕೈಮೇಲಿನ ಕೂದ್ಲೆಲ್ಲ ನಿಂತಿದೆ," ಎಂದು ರೇಡಿಯೊ ಪಿಸುಗುಟ್ಟಿದಳು. "ಬಿದ್ದುಬಿಡ್ತೀನಿ ಅನ್ಸುತ್ತೆ."

ನಾನು ಕುರ್ಚಿಗಳನ್ನು ಎಳೆದೆ. ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡಿತ್ತು. ರಾಶಿಯ ಮೇಲೆಯೇ ಹತ್ತಿ, ಜಾರಿ ಬಿದ್ದು, ಮೊಣಕಾಲೂರಿಕೊಂಡೇ ಹಿಡಿಕೆ ಎಳೆದೆ. ಸದ್ದು ನಿಂತಿತು. ಅವಳ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ. ಗೋಡೆಗೆ ಮುಖ ಮಾಡಿ ಹಾಗೇ ಕೂತಿದ್ದೆ. ಅವಳು ಅಳುವುದು ಕೇಳಿದ ಮೇಲೆಯೇ ತಿರುಗಿದ್ದು.

ಆಮೇಲೊಂದು ದಿನ ಅವಳ ಅಮ್ಮ ಬಂದರು. "ಮನೇಲಿ ಲೈಟ್ ಸ್ವಿಚ್ಚೂ ಮುಟ್ಟಲ್ಲ ಮೇಡಂ. ನಾವು ಬಂದು ಹಾಕೋವರೆಗೂ ಕತ್ತಲಲ್ಲೇ ಕೂತಿರ್ತಾಳೆ. ಮಾತೇ ಇಲ್ಲ. ಏನಾಯ್ತು ಅಂತ ನೀವಾದ್ರೂ ಹೇಳಿ." ಹೇಳಿದೆ. ಆ ತಾಯಿ "ಬೇರೆ ಮಕ್ಕಳು ಈಗ್ಲೂ ಅಲ್ಲಿಗೆ ಹೋಗ್ತಾರಾ?" ಎಂದು ಕೇಳಿದರು. ಇದಕ್ಕೆ ಏನು ಹೇಳಲಿ, ತಾವೇ ತಿಳಿಸಿ.

ಇಷ್ಟಾದ ಮೇಲೆ ತಮ್ಮ ಕಚೇರಿಯಿಂದ ಬಂದದ್ದು ಹೊಸ ಫಲಕ: 'ಸುರಕ್ಷತೆಯೇ ಮೊದಲು'. ಅಕ್ಷರ ದೊಡ್ಡದಾಗಿದೆ, ಬಣ್ಣವೂ ಚೆನ್ನಾಗಿದೆ. ವಿದ್ಯುತ್ತಿಗೆ ಓದಲು ಬರುತ್ತದೆಂದು ತಮಗೆ ಹೇಳಿದವರು ಯಾರು?

ಇಂದು ಬೆಳಿಗ್ಗೆ ಮೇನ್ ಎಳೆದು, ಆ ತಂತಿಯನ್ನು ಕತ್ತರಿಸಿ ಹಾಕಿದ್ದೇನೆ. ಬಾಗಿಲಿನ ಸ್ವಿಚ್ಚು ಕೆಟ್ಟೇ ಇರುವುದರಿಂದ ಯಂತ್ರ ಇನ್ನು ಚಾಲೂ ಆಗದು. ಇದು ಅಶಿಸ್ತು ಎನಿಸಿದರೆ ಕ್ರಮ ಕೈಗೊಳ್ಳಿ. ಅದಕ್ಕೆ ನಾನು ಅಷ್ಟು ಹೆದರುವುದಿಲ್ಲ. ಬಾಗಿಲಿನ ಸ್ವಿಚ್ಚನ್ನು ಸರಿಮಾಡಿಸಿ, ಕೆಂಪು ಗುಂಡಿಯನ್ನೂ ಪರೀಕ್ಷೆ ಮಾಡಿಸಿ. ಕುರ್ಚಿಗಳನ್ನು ತೆಗೆಸಿ. ಎಲ್ಲ ಸರಿಯಾಯಿತೆಂದು ತಮಗನ್ನಿಸಿದ ದಿನ ತಾವೇ ಬಂದು, ಯಂತ್ರ ಚಾಲೂ ಇರುವಾಗಲೇ ಬಾಗಿಲು ತೆರೆದು ಜಾಲರಿಯೊಳಗೆ ಕಾಲಿಡಿ. ತಾವು ಹೊರಗೆ ಬಂದ ಮೇಲೆ ಮಕ್ಕಳನ್ನು ಬಿಡುತ್ತೇನೆ.

ಇಂತಿ,
ಜಾಲರಿಯ ಬಾಗಿಲು ಕಾಯುತ್ತಿರುವ,
ತಮ್ಮದೇ ಪ್ರಯೋಗಾಲಯದ ಅಧ್ಯಾಪಕಿ