ಅಂಚಿಗೆ ಹಸಿರು ಶಾಯಿ

ಅಣ್ಣನಿಗೆ,

ಅತ್ತಿಗೆ ಬೇಡವೆಂದಿದ್ದಕ್ಕೆ ನಮ್ಮ ಫ್ರೀಜರ್‌ನಲ್ಲಿ ತುಂಬಿಸಿಟ್ಟ ನಿನ್ನ ಸಿ.ಡಿ.ಗಳನ್ನು ಈ ವಾರವೇ ಎತ್ತಿಕೊಂಡು ಹೋಗು. ಬಟಾಣಿ ಇಡಲು ಜಾಗವಿಲ್ಲ.

ಅಂಚಿಗೆ ಹಸಿರು ಶಾಯಿ ಬಳಿದು ಹಿಮದಲ್ಲಿಟ್ಟರೆ ಸಿ.ಡಿ.ಯ ದನಿ ತಿಳಿಯಾಗುತ್ತದೆ ಎಂಬ ನಿನ್ನ ಮಹಾಜ್ಞಾನಕ್ಕೆ ದೊಡ್ಡ ನಮಸ್ಕಾರ. ಭಾನುವಾರ ಅಮ್ಮ ಹಾಡಿದ ಸಿ.ಡಿ. ಹಾಕಲು ನನಗೆ ಹೇಳಿ, ನೀನು ನೆಂಟರೆದುರು ಕಣ್ಣು ಮುಚ್ಚಿ ಕೂತೆ. "ಕೇಳಿ, ಕೇಳಿ! ಈಗ ಅಮ್ಮ ಉಸಿರು ಎಳ್ಕೊಳ್ಳೋದೂ ಕೇಳಿಸ್ತಿದೆ. ಮೊದಲು ಇತ್ತಾ ಇದು?" ಎಂದೆ. ಚಿಕ್ಕಪ್ಪ, ಪಾಪ, ತಲೆದೂಗಿದರು.

ನಾನು ಹಾಕಿದ್ದು ನಿನ್ನ ಕೈ ಸೋಕದ ಇನ್ನೊಂದು ಪ್ರತಿ. ನೀನು ಬಣ್ಣ ಬಳಿದದ್ದು ಆಗಲೂ ಫ್ರೀಜರ್‌ನಲ್ಲೇ, ಐಸ್ ತಟ್ಟೆಯ ಕೆಳಗೇ ಇತ್ತು. ಅಲ್ಲೇ ನಿನ್ನ ಮರ್ಯಾದೆ ತೆಗೆಯಬಹುದಿತ್ತು. ಚಿಕ್ಕಪ್ಪನ ಮುಖ ನೋಡಿ ಸುಮ್ಮನಾದೆ.

ಅಮ್ಮನ ಉಸಿರು ಕೇಳಲು ಇಷ್ಟೆಲ್ಲ ಸರ್ಕಸ್ ಬೇಕಿರಲಿಲ್ಲ, ಅಣ್ಣ. ಕೊನೆಯ ವರ್ಷ ನೀನು ಬಂದಾಗಲೆಲ್ಲ ಅವಳು ಪಕ್ಕದ ಕೋಣೆಯಲ್ಲೇ ಏದುಸಿರು ಬಿಡುತ್ತಾ ಮಲಗಿರುತ್ತಿದ್ದಳು. "ಹಾಡು ಸರಿಯಾಗಿ ಕೇಳಿಸ್ತಿಲ್ಲ, ಆ ಬಾಗಿಲು ಹಾಕೇ" ಎಂದವನು ನೀನು.

ಬಾಗಿಲು ಹಾಕಿದ
ನಿನ್ನ ತಂಗಿ